ನರ್ಸರಿಯಿಂದ ತಂದ ಫೈಕಸ್ ಬೋನ್ಸಾಯ್ ಆಗಬೇಕು: ಕಾಂಡವನ್ನು ಎಲ್ಲಿ ಕತ್ತರಿಸಲಿ?

ಹೊಸಚಿಗುರು · ಮೊದಲ ದಿನ

ಎಲ್ಲರಿಗೂ ನಮಸ್ಕಾರ. ಬೋನ್ಸಾಯ್ ಬೆಳೆಸಬೇಕೆಂಬ ಆಸೆ ಹಲವು ವರ್ಷಗಳದ್ದು. ಮೊನ್ನೆ ನರ್ಸರಿಯಿಂದ ಒಂದು ಫೈಕಸ್ ತಂದೆ. ಮಣ್ಣಿನಿಂದ ತುದಿಗೆ 55 ಸೆಂ.ಮೀ. ಎತ್ತರ, ಬುಡದ ಹತ್ತಿರ ಕಾಂಡ 3 ಸೆಂ.ಮೀ. ದಪ್ಪ. ಕೋಲು ನೆಟ್ಟಂತೆ 22 ಸೆಂ.ಮೀ. ಏರಿದ ಮೇಲೆ ಒಂದೇ ಜಾಗದಲ್ಲಿ ಮೂರು ಕವಲು ಒಡೆದಿದೆ. ಅದರ ಮೇಲೆ ದಟ್ಟವಾದ ಎಲೆಗಳ ಕೊಡೆ. ಚೀಟಿಯಲ್ಲಿ ‘ಫೈಕಸ್’ ಎಂಬ ಒಂದೇ ಪದ ಇದೆ. ಕುಂಡದ ತಳದ ತೂತಿನಿಂದ ಬೇರು ಹೊರಗೆ ಇಣುಕುತ್ತಿದೆ.

ನನ್ನ ಮನಸ್ಸಿನಲ್ಲಿರುವುದು ಆಲದ ಮರದ ಆಕಾರ. ಗಿಡ್ಡ ಕಾಂಡ, ಅಗಲಕ್ಕೆ ಹರಡಿದ ಕೊಂಬೆಗಳು, ಸಾಧ್ಯವಾದರೆ ಒಂದೆರಡು ಬಿಳಲು. ಆಳವಿಲ್ಲದ ಕುಂಡ, ಅಲ್ಯೂಮಿನಿಯಂ ತಂತಿ, ಹರಿತವಾದ ಕತ್ತರಿ ಎಲ್ಲವನ್ನೂ ಹೊಂದಿಸಿಕೊಂಡಿದ್ದೇನೆ. ಬರುವ ಭಾನುವಾರ ಮೇಲ್ಭಾಗವನ್ನು ಕತ್ತರಿಸಿ, ತಂತಿ ಸುತ್ತಿ, ಹೊಸ ಕುಂಡಕ್ಕೆ ಕೂರಿಸಬೇಕೆಂದಿದ್ದೇನೆ. ಯಾವ ಎತ್ತರದಲ್ಲಿ ಕತ್ತರಿಸಿದರೆ ಸರಿ?

ಕತ್ತರಿಗಾರ · ಮೊದಲ ದಿನ

ಒಳ್ಳೆಯ ಗಿಡವನ್ನೇ ಆರಿಸಿದ್ದೀರಿ. ಫೈಕಸ್‌ನಷ್ಟು ತಪ್ಪುಗಳನ್ನು ಕ್ಷಮಿಸುವ ಗಿಡ ಬೋನ್ಸಾಯ್ ಲೋಕದಲ್ಲಿ ಇನ್ನೊಂದು ಸಿಗುವುದು ಕಷ್ಟ. ಬೋನ್ಸಾಯ್‌ನಲ್ಲಿ ಒಂದು ಸ್ಥೂಲ ಲೆಕ್ಕವಿದೆ: ಮರದ ಎತ್ತರ ಬುಡದ ದಪ್ಪದ ಸುಮಾರು ಆರು ಪಟ್ಟು ಇದ್ದರೆ ಕಣ್ಣಿಗೆ ಅದು ಮುದಿ ಮರದಂತೆ ಕಾಣುತ್ತದೆ. 3 ಸೆಂ.ಮೀ. ಬುಡಕ್ಕೆ 18 ಸೆಂ.ಮೀ. ಎತ್ತರ. ನಿಮ್ಮ ಗಿಡದಲ್ಲಿ ಮೂರು ಕವಲು ಒಡೆದಿರುವ ಜಾಗವೇ 22 ಸೆಂ.ಮೀ.ನಲ್ಲಿದೆ, ಅಂದರೆ ಈಗಿರುವ ಕೊಂಬೆಗಳಲ್ಲಿ ಒಂದೂ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಒಂದೇ ಬಿಂದುವಿನಲ್ಲಿ ಮೂರು ಕೊಂಬೆ ಉಳಿದರೆ ಆ ಜಾಗ ಉಬ್ಬಿ, ಬುಡಕ್ಕಿಂತ ಮೇಲೆಯೇ ದಪ್ಪ ಕಾಣುವ ದೋಷವೂ ಬರುತ್ತದೆ.

ಧೈರ್ಯವಾಗಿ 7 ಸೆಂ.ಮೀ.ನಲ್ಲಿ ಕತ್ತರಿಸಿ, ಉಳಿದ ಎತ್ತರವನ್ನು ಹೊಸ ಚಿಗುರು ತುಂಬುತ್ತದೆ. ತುದಿ ಹೋದರೆ ತುದಿಯಿಂದ ಇಳಿದು ಬರುತ್ತಿದ್ದ ಆಕ್ಸಿನ್ ಎಂಬ ಹಾರ್ಮೋನು ನಿಲ್ಲುತ್ತದೆ. ಅದು ಅದುಮಿಟ್ಟಿದ್ದ ಕೆಳಗಿನ ಕಣ್ಣುಗಳು ಒಡೆಯುತ್ತವೆ. ಬೆಚ್ಚಗಿನ ಕಾಲವಾದರೆ ಮೂರು ನಾಲ್ಕು ವಾರದಲ್ಲಿ ಚಿಗುರು ಕಾಣಿಸಿಕೊಳ್ಳುತ್ತದೆ. ನಾನು ಐದು ಗಿಡಗಳನ್ನು ಹೀಗೆಯೇ ಮೊಂಡು ಮಾಡಿದ್ದೇನೆ, ಐದೂ ಬದುಕಿವೆ.

ಮಣ್ಣುಗಾರ · ಮೊದಲ ದಿನ

ಕತ್ತರಿಗಾರರ ಲೆಕ್ಕ ಸರಿಯಾದದ್ದೇ, ಆದರೆ ಅವರು ಎಣಿಸುತ್ತಿರುವುದು ಮಣ್ಣಿನ ಮೇಲಿನಿಂದ. ನರ್ಸರಿಯ ಗಿಡದಲ್ಲಿ ನಿಜವಾದ ಬುಡ ಎಲ್ಲಿದೆ ಎಂಬುದು ಮಣ್ಣು ಸರಿಸುವವರೆಗೆ ತಿಳಿಯುವುದಿಲ್ಲ. ಒಂದು ಕುಂಡದಿಂದ ಇನ್ನೊಂದಕ್ಕೆ ಬದಲಿಸುವಾಗಲೆಲ್ಲ ಮೇಲೆ ಮಣ್ಣು ಸೇರುತ್ತ ಹೋಗುತ್ತದೆ, ಕಾಂಡ ಅಗಲವಾಗಿ ಬೇರಿಗೆ ತಿರುಗುವ ಸುಂದರ ಭಾಗ ಒಳಗೆ ಹೂತುಹೋಗುತ್ತದೆ. ಮೊನಚಿಲ್ಲದ ಬಿದಿರು ಕಡ್ಡಿ ತೆಗೆದುಕೊಂಡು ಬುಡದ ಸುತ್ತ ಮೆಲ್ಲನೆ ಕೆದಕಿ. ಮೊದಲ ದಪ್ಪ ಬೇರು ಸಿಗುವವರೆಗೆ ಹೋಗಿ. ಅಲ್ಲಿ ಅಳತೆ ತೆಗೆದುಕೊಂಡು ಬನ್ನಿ. ಅಲ್ಲಿಯವರೆಗೆ ಕತ್ತರಿ ಡ್ರಾಯರಿನಲ್ಲಿರಲಿ.

ಇನ್ನೊಂದು ಮಾತು. ಒಂದೇ ಭಾನುವಾರ ತಲೆ ಕತ್ತರಿಸಿ, ತಂತಿ ಸುತ್ತಿ, ಬೇರು ಕಡಿದು, ತಟ್ಟೆಯಂಥ ಕುಂಡಕ್ಕೆ ಇಳಿಸಬೇಡಿ. ಎಲೆ ಬೇರಿಗೆ ಆಹಾರ ಕೊಡುತ್ತದೆ, ಬೇರು ಎಲೆಗೆ ನೀರು ಕೊಡುತ್ತದೆ. ಎರಡನ್ನೂ ಒಮ್ಮೆಗೇ ಕಿತ್ತುಕೊಂಡರೆ ಗಿಡ ಯಾವುದರ ಬಲದ ಮೇಲೆ ಚೇತರಿಸಿಕೊಳ್ಳಬೇಕು?

ಎಲೆಗಣ್ಣು · ಮೊದಲ ದಿನ

ಯಾರೂ ಕೇಳದ ಪ್ರಶ್ನೆಯೊಂದನ್ನು ಕೇಳುತ್ತೇನೆ: ಇದು ಯಾವ ಫೈಕಸ್? ಆಲ, ಅರಳಿ, ಅತ್ತಿ, ಅಂಜೂರ ಎಲ್ಲವೂ ಫೈಕಸ್‌ಗಳೇ. ಈ ಕುಲದಲ್ಲಿ 800ಕ್ಕೂ ಹೆಚ್ಚು ಪ್ರಭೇದಗಳಿವೆ. ಅಲಂಕಾರಕ್ಕಾಗಿ ಮಾರುವವುಗಳಲ್ಲಿ ಹೆಚ್ಚು ಕಾಣುವುದು ಎರಡು, ಮೈಕ್ರೋಕಾರ್ಪಾ ಮತ್ತು ಬೆಂಜಮಿನಾ. ದೂರದಿಂದ ಅಕ್ಕತಂಗಿಯರಂತೆ ಕಾಣುತ್ತವೆ, ಕತ್ತರಿ ಹಾಕಿದಾಗ ಸ್ವಭಾವ ಪೂರ್ತಿ ಬೇರೆ.

ಒಂದು ಎಲೆಯನ್ನು ಕೈಯಲ್ಲಿ ಹಿಡಿದು ನೋಡಿ. ದಪ್ಪವಾಗಿ, ಚರ್ಮದಂತೆ ಗಟ್ಟಿಯಾಗಿ, ತುದಿ ಹೆಚ್ಚೇನೂ ಎಳೆದಿಲ್ಲದಿದ್ದರೆ ಮೈಕ್ರೋಕಾರ್ಪಾ. ತೆಳುವಾಗಿ, ಅಂಚು ತುಸು ಅಲೆಅಲೆಯಾಗಿ, ತುದಿ ಬಾಲದಂತೆ ಎಳೆದುಕೊಂಡಿದ್ದರೆ, ಜೊತೆಗೆ ಎಳೆಯ ರೆಂಬೆಗಳು ಕೆಳಕ್ಕೆ ಬಾಗಿದ್ದರೆ ಬೆಂಜಮಿನಾ.

ಹೊಸಚಿಗುರು · ಮೂರನೆಯ ದಿನ

ಮಣ್ಣುಗಾರರು ಹೇಳಿದಂತೆ ಕೆದಕಿದೆ. ಮೊದಲ ದಪ್ಪ ಬೇರು ಸಿಕ್ಕಿದ್ದು 4 ಸೆಂ.ಮೀ. ಕೆಳಗೆ! ಅಲ್ಲಿ ಬುಡದ ಅಗಲ ನಾಲ್ಕೂವರೆ ಸೆಂ.ಮೀ. ಒಂದು ಪಕ್ಕದಲ್ಲಿ ಎರಡು ಬೇರುಗಳು ಚೆನ್ನಾಗಿ ಹರಡಿಕೊಂಡಿವೆ, ಇನ್ನೊಂದು ಪಕ್ಕದಲ್ಲಿ ಪೆನ್ಸಿಲ್ ದಪ್ಪದ ಬೇರೊಂದು ಕಾಂಡಕ್ಕೆ ಹಗ್ಗದಂತೆ ಅರ್ಧ ಸುತ್ತು ಹಾಕಿದೆ.

ಎಲೆ ತೆಳುವಾಗಿದೆ, ತುದಿ ಬಾಲದಂತಿದೆ, ರೆಂಬೆಗಳು ಜೋತುಬಿದ್ದಿವೆ. ಒಂದು ಎಲೆ ಕಿತ್ತಾಗ ಬಿಳಿ ಹಾಲು ಬಂದು ಬೆರಳಿಗೆ ಅಂಟಿಕೊಂಡಿತು.

ಎಲೆಗಣ್ಣು · ಮೂರನೆಯ ದಿನ

ಹಾಗಾದರೆ ಅದು ಬೆಂಜಮಿನಾ. ದಯವಿಟ್ಟು 7 ಸೆಂ.ಮೀ.ನಲ್ಲಿ ಕತ್ತರಿಸಬೇಡಿ.

ಕಾರಣ ಹೇಳುತ್ತೇನೆ. ಮೈಕ್ರೋಕಾರ್ಪಾವನ್ನು ಒಂದೂ ಎಲೆಯಿಲ್ಲದ ಮೊಂಡಾಗಿ ಕಡಿದರೂ ಹಳೆಯ ತೊಗಟೆಯಿಂದಲೇ ಚಿಗುರುತ್ತದೆ. ಬೆಂಜಮಿನಾದಲ್ಲಿ ಆ ಭರವಸೆ ಕಡಿಮೆ. ಎಲೆಯೊಂದೂ ಉಳಿಯದಂತೆ ಸವರಿದ ಕೊಂಬೆಯನ್ನು ಅದು ಕೈಬಿಡುವುದೇ ಹೆಚ್ಚು, ಕೊಂಬೆ ಬುಡದವರೆಗೂ ಒಣಗುತ್ತ ಬರುತ್ತದೆ. ನನ್ನ ಮೊದಲ ಬೆಂಜಮಿನಾ ನೆನಪಾಗುತ್ತದೆ. ಹೆಬ್ಬೆರಳಿಗಿಂತ ದಪ್ಪ ಕಾಂಡ, ನಾಲ್ಕು ವರ್ಷ ನಾನೇ ಬೆಳೆಸಿದ್ದು. ಎಲ್ಲ ಕೊಂಬೆಗಳನ್ನೂ ಒಂದೇ ದಿನ ಮೋಟು ಮಾಡಿದೆ. ಎರಡು ತಿಂಗಳ ನಂತರ ಒಂದು ಕೊಂಬೆಯ ತುದಿಯಲ್ಲಿ ಮಾತ್ರ ಹಸಿರು ಉಳಿದಿತ್ತು, ಉಳಿದದ್ದೆಲ್ಲ ಕೈಯಲ್ಲಿ ಪಟಪಟನೆ ಮುರಿಯಿತು. ಅಂದಿನಿಂದ ಯಾವ ಕೊಂಬೆಯಲ್ಲೂ ಎರಡು ಮೂರು ಎಲೆಯನ್ನಾದರೂ ಬಿಡದೆ ಕತ್ತರಿಸಿದ್ದಿಲ್ಲ.

ಕತ್ತರಿಗಾರ · ಮೂರನೆಯ ದಿನ

ಒಪ್ಪಿದೆ. ನಾನು ಮೊಂಡು ಮಾಡಿದ ಐದೂ ಮೈಕ್ರೋಕಾರ್ಪಾಗಳು. ಪ್ರಭೇದವನ್ನು ಕೇಳದೆ ಅಳತೆ ಹೇಳಿದ್ದು ನನ್ನ ತಪ್ಪು, ಮೇಲಿನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಬುಡ ನಾಲ್ಕೂವರೆ ಎಂದಾದರೆ ಎತ್ತರದ ಲೆಕ್ಕವೂ 27 ಸೆಂ.ಮೀ.ಗೆ ಏರುತ್ತದೆ. ಅದೂ ಈಗಿನ ಮಣ್ಣಿನಿಂದಲ್ಲ, ಹೊಸದಾಗಿ ಕಂಡ ಬುಡದಿಂದ.

ಆದರೂ ಆ ನೆಟ್ಟನೆಯ ಕೋಲನ್ನು ಹಾಗೆಯೇ ಉಳಿಸಿದರೆ ಆಲದ ಮರ ಎಂದಿಗೂ ಆಗುವುದಿಲ್ಲ. ಎಲ್ಲಾದರೂ ಒಂದು ಕಡೆ ಕಾಂಡದ ದಿಕ್ಕು ಬದಲಾಗಬೇಕು, ದಪ್ಪ ಇಳಿಯಬೇಕು. ಕಾಂಡದ ಕೆಳಭಾಗದಲ್ಲಿ ಏನಾದರೂ ಚಿಗುರಿದೆಯೇ?

ಹೊಸಚಿಗುರು · ಮೂರನೆಯ ದಿನ

ಹಳೆಯ ಮಣ್ಣಿನ ಮಟ್ಟದಿಂದ 6 ಸೆಂ.ಮೀ. ಮೇಲೆ ಒಂದು ಪುಟ್ಟ ಕಡ್ಡಿಯಿದೆ. ಬೆಂಕಿಕಡ್ಡಿಯಷ್ಟೇ ದಪ್ಪ, ಐದು ಎಲೆ. ಅಂದವಾಗಿಲ್ಲವೆಂದು ಮೊದಲು ಅದನ್ನೇ ತೆಗೆಯಬೇಕೆಂದುಕೊಂಡಿದ್ದೆ.

ಕತ್ತರಿಗಾರ · ಮೂರನೆಯ ದಿನ

ತೆಗೆಯಬೇಡಿ! ನಿಮ್ಮ ಮರ ಅದೇ. ಬುಡದಿಂದ ಅಳೆದರೆ ಅದು 10 ಸೆಂ.ಮೀ. ಎತ್ತರದಲ್ಲಿದೆ, 27ರಲ್ಲಿ ಮೂರನೇ ಒಂದು ಭಾಗಕ್ಕೆ ಹತ್ತಿರ. ಮುಂದೆ ಆ ಕಡ್ಡಿಯೇ ಕಾಂಡದ ಮುಂದುವರಿಕೆ ಆಗುತ್ತದೆ, ಮೇಲಿರುವುದೆಲ್ಲ ಒಂದು ದಿನ ಹೋಗುತ್ತದೆ.

ಎಲೆಗಣ್ಣು · ಮೂರನೆಯ ದಿನ

ನನ್ನದೂ ಅದೇ ಅಭಿಪ್ರಾಯ. ಅದರಲ್ಲಿ ಎಲೆ ಇರುವುದರಿಂದ ಮೇಲೆ ಕತ್ತರಿಸಿದಾಗ ಕಾಂಡ ಆ ಮಟ್ಟದವರೆಗೆ ಜೀವಂತವಾಗಿರುತ್ತದೆ. ಈಗ ಮಾಡಬೇಕಾದದ್ದು ಇಷ್ಟೇ: ಮೇಲಿನ ಕೊಡೆಯಲ್ಲಿ ಮೂರನೇ ಒಂದು ಭಾಗದಷ್ಟು ರೆಂಬೆಗಳನ್ನು ಎಲೆ ಉಳಿಸಿಕೊಂಡೇ ಗಿಡ್ಡ ಮಾಡಿ, ಕಡ್ಡಿಯ ಮೇಲೆ ಬೆಳಕು ಬೀಳಬೇಕು. ಕಡ್ಡಿಯ ತುದಿಯನ್ನು ಮಾತ್ರ ಚಿವುಟಬೇಡಿ. ಉದ್ದ ಬೆಳೆಯಲು ಬಿಟ್ಟರೆ ಮಾತ್ರ ಅದು ದಪ್ಪವಾಗುತ್ತದೆ. ಎರಡಡಿ ಉದ್ದವಾಗಿ ಅಸಹ್ಯವಾಗಿ ಕಂಡರೂ ಸಹಿಸಿಕೊಳ್ಳಿ.

ಮಣ್ಣುಗಾರ · ನಾಲ್ಕನೆಯ ದಿನ

ಬೇರಿನ ಕಡೆಗೆ ಬರೋಣ. ಹಗ್ಗದಂತೆ ಸುತ್ತಿರುವ ಬೇರನ್ನು ಬಿಡುವಂತಿಲ್ಲ. ಕಾಂಡವೂ ಬೇರೂ ದಪ್ಪವಾಗುತ್ತ ಹೋದಂತೆ ಆ ಪಕ್ಕವನ್ನು ಅದು ಹಿಸುಕುತ್ತದೆ, ನಾಳೆ ನೋಟಕ್ಕೂ ಅದು ಗಂಟು. ಬೇರೆ ಬೇರುಗಳು ಸಾಕಷ್ಟಿರುವುದರಿಂದ ಅದನ್ನು ಮೂಲದಲ್ಲೇ ಕತ್ತರಿಸಿ. ಬೇರಿನ ಮುದ್ದೆಯ ಹೊರಸುತ್ತು ಮತ್ತು ತಳದಿಂದ ಮೂರನೇ ಒಂದು ಭಾಗದಷ್ಟನ್ನು ತೆಗೆಯಬಹುದು, ಬೆಚ್ಚಗಿನ ಕಾಲದಲ್ಲಿ ಗಿಡ ಚಿಗುರುತ್ತಿರುವಾಗ ಮಾತ್ರ. ಇದನ್ನು ಈಗ ಮಾಡುವುದಾದರೆ ಮೇಲೆ ಹೇಳಿದ ಸವರುವಿಕೆ ಆರು ವಾರ ಕಾಯಲಿ.

ಆಳವಿಲ್ಲದ ಕುಂಡವನ್ನು ಈಗಲೇ ಬಳಸಬೇಡಿ ಎಂದು ಒತ್ತಾಯಿಸುತ್ತೇನೆ. ಆಳ ಕಡಿಮೆಯಾದರೆ ನೀರು ಬೇಗ ಬಸಿದು ಹೋಗುತ್ತದೆ ಎಂದು ಬಹಳ ಜನ ನಂಬಿದ್ದಾರೆ, ಆಗುವುದು ಅದಕ್ಕೆ ವಿರುದ್ಧ. ಒಂದು ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಎತ್ತರ ಮಾತ್ರ ಬದಲಾಯಿತು. ಕುಂಡದಲ್ಲೂ ಹೀಗೆಯೇ. ತಳದಲ್ಲಿ ಬಸಿಯದೆ ಉಳಿಯುವ ನೀರಿನ ಪದರದ ದಪ್ಪ ಮಣ್ಣಿನ ಕಣಗಳ ಗಾತ್ರವನ್ನು ಅವಲಂಬಿಸಿದೆ, ಕುಂಡದ ಆಳವನ್ನಲ್ಲ. ಆಳವಾದ ಕುಂಡದಲ್ಲಿ ಆ ಪದರ ತಳದ ಒಂದು ಪಾಲು, ತಟ್ಟೆಯಂಥ ಕುಂಡದಲ್ಲಿ ಅದೇ ಪದರ ಅರ್ಧ ಕುಂಡ. ಅದಕ್ಕೇ ಬೋನ್ಸಾಯ್ ಮಣ್ಣು ಹರಳುಹರಳಾಗಿರಬೇಕು. ತಳದಲ್ಲಿ ಬೆಣಚುಕಲ್ಲು ಹರಡುವ ಅಭ್ಯಾಸದಿಂದ ಏನೂ ಪ್ರಯೋಜನವಿಲ್ಲ, ನೀರಿನ ಪದರ ಕಲ್ಲಿನ ಮೇಲಕ್ಕೆ ಏರಿ ಬೇರಿಗೆ ಇನ್ನೂ ಹತ್ತಿರವಾಗುತ್ತದೆ.

ನಾನು ಬಳಸುವ ಮಿಶ್ರಣ: ಇಟ್ಟಿಗೆ ಚೂರು ಅಥವಾ ಪ್ಯೂಮಿಸ್ (ತೂತುತೂತಾದ ಹಗುರ ಜ್ವಾಲಾಮುಖಿ ಕಲ್ಲು) ಮೂರು ಪಾಲು, ಕೋಕೋಪೀಟ್ ಅಥವಾ ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು. ಚೂರುಗಳು 3ರಿಂದ 5 ಮಿ.ಮೀ. ಇರಲಿ. ಎರಡು ಸಲ ಜರಡಿ ಹಿಡಿದು ಪುಡಿಯನ್ನೆಲ್ಲ ಎಸೆಯಿರಿ. ಜರಡಿಯ ಕೆಲಸ ಬೇಸರ ತರುತ್ತದೆ, ಆದರೆ ಬೇರು ಕೊಳೆತು ಸತ್ತ ಗಿಡಗಳನ್ನು ಬಿಚ್ಚಿ ನೋಡಿದಾಗಲೆಲ್ಲ ನನಗೆ ಕಂಡದ್ದು ಆ ಪುಡಿಯ ಕೆಸರೇ. ಅಗಲವಾದ, 10ರಿಂದ 12 ಸೆಂ.ಮೀ. ಆಳದ ಸಾದಾ ಕುಂಡದಲ್ಲಿ ಒಂದೆರಡು ವರ್ಷ ಬೆಳೆಯಲಿ. ತೂತುಗಳ ಮೇಲೆ ಜಾಲರಿ, ಗಿಡ ಅಲುಗಾಡದಂತೆ ಬೇರಿನ ಮುದ್ದೆಯನ್ನು ಕುಂಡಕ್ಕೆ ತಂತಿಯಿಂದ ಕಟ್ಟುವುದು, ಇವೆರಡನ್ನೂ ಬಿಡಬೇಡಿ. ಅಲುಗಾಡುವ ಗಿಡದ ಎಳೆಯ ಬೇರುಗಳು ಹುಟ್ಟುತ್ತಿದ್ದಂತೆಯೇ ಹರಿದುಹೋಗುತ್ತವೆ. ಗೊಬ್ಬರ ಮೂರು ನಾಲ್ಕು ವಾರ ಬೇಡ.

ತಂಪುನೆರಳು · ಐದನೆಯ ದಿನ

ನಾನು ಗಿಡ ಬೆಳೆಸುವವಳು, ಬೋನ್ಸಾಯ್ ಮಾಡುವವಳಲ್ಲ. ಕಾಂಡ ಕಡಿಯುವುದು, ಬೇರು ಕಡಿಯುವುದು, ತಂತಿ ಬಿಗಿಯುವುದು ಇದನ್ನೆಲ್ಲ ಓದುವಾಗ ಸಂಕಟವಾಗುತ್ತದೆ. ಬೆಳೆಯಬೇಕಾದ ಮರವನ್ನು ಹಸಿವಿನಲ್ಲಿಟ್ಟು ಕುಳ್ಳಾಗಿಸುವುದು ಸರಿಯೇ? ಕೋಪದಿಂದ ಕೇಳುತ್ತಿಲ್ಲ, ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಬಿಳಲು · ಐದನೆಯ ದಿನ

ಕೇಳಿದ್ದು ಒಳ್ಳೆಯದಾಯಿತು. ಹಸಿವಿನಲ್ಲಿಟ್ಟರೆ ಬೋನ್ಸಾಯ್ ಆಗುವುದಿಲ್ಲ, ಸಾಯುತ್ತದೆ. ಕುಂಡದಲ್ಲಿ ಮಣ್ಣು ಸ್ವಲ್ಪವೇ ಇರುವುದರಿಂದ ನೆಲದ ಗಿಡಕ್ಕಿಂತ ಹೆಚ್ಚು ಮುತುವರ್ಜಿಯಿಂದ ಅದಕ್ಕೆ ಗೊಬ್ಬರ, ನೀರು ಕೊಡಬೇಕು. ಗಾತ್ರ ಚಿಕ್ಕದಾಗಿ ಉಳಿಯುವುದು ಸವರುವಿಕೆಯಿಂದ. ಬೇರನ್ನು ಕತ್ತರಿಸಿದ ಜಾಗದಲ್ಲಿ ಹೊಸ ಬೇರು ಹುಟ್ಟುತ್ತದೆ, ಅದರಿಂದ ಮರ ಮತ್ತೆ ಎಳೆಯದಾಗುತ್ತದೆ. ಇಟಲಿಯ ಮಿಲಾನ್ ಬಳಿಯ ಪಾರಾಬಿಯಾಗೋದಲ್ಲಿ ಕ್ರೆಸ್ಪಿ ಬೋನ್ಸಾಯ್ ಸಂಗ್ರಹಾಲಯವಿದೆ. 1991ರಲ್ಲಿ ಶುರುವಾದದ್ದು. ಅಲ್ಲಿನ ಒಂದು ಫೈಕಸ್ ಬೋನ್ಸಾಯ್‌ಗೆ ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸು ಎನ್ನುತ್ತಾರೆ. ಆ ವಯಸ್ಸನ್ನು ಬದಿಗಿಟ್ಟರೂ, ಆ ಮರದ ಬುಡವನ್ನು ಚಿತ್ರದಲ್ಲಿ ನೋಡಿದರೆ ಎಷ್ಟೋ ತಲೆಮಾರುಗಳ ಕೈ ಅದನ್ನು ಜತನ ಮಾಡಿದೆ ಎಂಬುದು ತಿಳಿಯುತ್ತದೆ. ನಿಮ್ಮ ಸಂಕಟ ನನಗೂ ಅರ್ಥವಾಗುತ್ತದೆ. ಅದು ಇರುವವರೇ ನಿಧಾನವಾಗಿ ಕತ್ತರಿಸುತ್ತಾರೆ.

ತಂಪುನೆರಳು · ಐದನೆಯ ದಿನ

ಗೊಬ್ಬರ ಕೊಡುತ್ತಾರೆಂಬುದೇ ನನಗೆ ತಿಳಿದಿರಲಿಲ್ಲ. ಈ ಗಿಡದ ಕಥೆಯನ್ನು ಕೊನೆಯವರೆಗೂ ಓದುತ್ತೇನೆ.

ಹೊಸಚಿಗುರು · ಐದನೆಯ ವಾರ

ಎರಡನೆಯ ವಾರದಲ್ಲಿ ಕುಂಡ ಬದಲಿಸಿದೆ. ಸುತ್ತಿದ್ದ ಬೇರನ್ನು ಕತ್ತರಿಸಿದೆ, ಹಾಲು ನಿಲ್ಲಲು ನೀರು ಚಿಮುಕಿಸಿದೆ. ಎಲ್ಲ ಸರಿಯಾಗಿತ್ತು. ಬಳಿಕ ಕಿಟಕಿಯ ಬಳಿಯಿಂದ ಹೊರಗಿನ ಜಗುಲಿಗೆ ತಂದಿಟ್ಟೆ. ಒಂದು ವಾರದಲ್ಲಿ ಅರ್ಧಕ್ಕರ್ಧ ಎಲೆ ಹಳದಿಯಾಗಿ ಉದುರಿತು. ದಿನಾ ಎರಡು ಸಲ ನೀರು ಹಾಕುತ್ತಿದ್ದೇನೆ, ಆದರೂ ನಿಲ್ಲುತ್ತಿಲ್ಲ. ಗಿಡ ಸಾಯುತ್ತಿದೆಯೇ? ರಾತ್ರಿ ಎದ್ದು ನೋಡುತ್ತಿದ್ದೇನೆ.

ಎಲೆಗಣ್ಣು · ಐದನೆಯ ವಾರ

ಗಾಬರಿಯಾಗಬೇಡಿ. ಬೆಳಕು, ಗಾಳಿ, ತಾಪ ಇದ್ದಕ್ಕಿದ್ದಂತೆ ಬದಲಾದರೆ ಬೆಂಜಮಿನಾ ಹಳೆಯ ಎಲೆಗಳನ್ನು ಉದುರಿಸಿ ಹೊಸ ಜಾಗಕ್ಕೆ ತಕ್ಕ ಎಲೆಗಳನ್ನು ಹುಟ್ಟಿಸುತ್ತದೆ. ಉಗುರಿನಿಂದ ಒಂದು ರೆಂಬೆಯ ತೊಗಟೆಯನ್ನು ಚೂರು ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ. ಮತ್ತೆ ಜಾಗ ಬದಲಿಸಬೇಡಿ.

ಮಣ್ಣುಗಾರ · ಐದನೆಯ ವಾರ

ದಿನಕ್ಕೆರಡು ಸಲ ನೀರು ನಿಲ್ಲಿಸಿ. ಎಲೆ ಕಡಿಮೆಯಾದಾಗ ಗಿಡ ಕುಡಿಯುವುದೂ ಕಡಿಮೆ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ, ಅಲ್ಲಿ ತೇವ ಆರುತ್ತ ಬಂದಾಗ ತಳದಿಂದ ಹರಿಯುವಷ್ಟು ಹಾಕಿ. ನಡುವೆ ಚಿಮುಕಿಸುತ್ತ ಕೂರಬೇಡಿ.

ಹೊಸಚಿಗುರು · ಏಳನೆಯ ವಾರ

ಹಸಿರಿತ್ತು! ಈಗ ಎಲ್ಲ ರೆಂಬೆಗಳ ತುದಿಯಲ್ಲೂ ಹೊಸ ಎಲೆ ಬಂದಿದೆ, ಮೊದಲಿನದಕ್ಕಿಂತ ತುಸು ಚಿಕ್ಕದು. ಕೆಳಗಿನ ಕಡ್ಡಿಯಲ್ಲಿ ಹನ್ನೊಂದು ಎಲೆಗಳಾಗಿವೆ. ಎರಡು ಎಲೆಗಳು ಮಾತ್ರ ದೋಣಿಯಂತೆ ಮಡಚಿಕೊಂಡಿವೆ, ಒಳಗೆ ಸಣ್ಣ ಕಪ್ಪು ಹುಳುಗಳು.

ಕತ್ತರಿಗಾರ · ಏಳನೆಯ ವಾರ

ಥ್ರಿಪ್ಸ್. ಮಡಚಿದ ಎಲೆಯನ್ನು ಬಿಚ್ಚದೆ ಹಾಗೆಯೇ ಕಿತ್ತು, ಚೀಲದಲ್ಲಿ ಬಿಗಿದು ಎಸೆಯಿರಿ. ಮಡಿಕೆಯೊಳಗೆ ಔಷಧಿ ಸುಲಭವಾಗಿ ತಲುಪುವುದಿಲ್ಲ. ವಾರಕ್ಕೊಮ್ಮೆ ಕಣ್ಣಾಡಿಸಿದರೆ ಸಾಕು. ಕುಂಡ ಬದಲಿಸಿ ಆರು ವಾರ ತುಂಬಿದ ಕೂಡಲೇ ಮೇಲಿನ ಕೊಡೆಯನ್ನು ಸವರಬಹುದು.

ದಪ್ಪಬೇರು · ಒಂಬತ್ತನೆಯ ವಾರ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಬಳಿ ಇರುವುದು ಜಿನ್ಸೆಂಗ್ ಫೈಕಸ್. ಗೆಣಸಿನಂಥ ದಪ್ಪ ಬೇರುಗಳು ಮೇಲೆದ್ದಿವೆ, ತಲೆಯಲ್ಲಿ ಚಿಕ್ಕ ಎಲೆಯ ಗುಚ್ಛ. ಇದನ್ನೂ ಮರದಂತೆ ತಿದ್ದಬಹುದೇ?

ಎಲೆಗಣ್ಣು · ಒಂಬತ್ತನೆಯ ವಾರ

ಅದು ಮೈಕ್ರೋಕಾರ್ಪಾ. ಸಾಮಾನ್ಯವಾಗಿ ಬುಡ ಒಂದು ಗಿಡದ್ದು, ತಲೆಯಲ್ಲಿರುವುದು ಚಿಕ್ಕ ಎಲೆಯ ತಳಿಯ ಕಸಿ. ಬುಡದಿಂದ ಬೇರೆ ಬಗೆಯ ಎಲೆಯ ಚಿಗುರು ಬಂದರೆ ಕಿತ್ತೆಸೆಯಬೇಡಿ, ಬೆಳೆಯಲು ಬಿಡಿ. ಅವು ದಪ್ಪವಾದ ಮೇಲೆ ಕಸಿಯ ಭಾಗವನ್ನು ತೆಗೆದರೆ ಬುಡಕ್ಕೂ ತಲೆಗೂ ತೊಗಟೆಯ ಬಣ್ಣ ಒಂದೇ ಆಗುತ್ತದೆ, ಕಸಿಯ ಗಾಯ ಎದ್ದು ಕಾಣುವುದಿಲ್ಲ. ವಿವರಕ್ಕೆ ಬೇರೆ ಚರ್ಚೆ ಆರಂಭಿಸಿ, ಖಂಡಿತ ಬರುತ್ತೇನೆ.

ಹೊಸಚಿಗುರು · ಐದನೆಯ ತಿಂಗಳು

ಕಡ್ಡಿ ಈಗ ಕಡ್ಡಿಯಲ್ಲ. ಬುಡದಲ್ಲಿ ಪೆನ್ಸಿಲ್‌ಗಿಂತ ದಪ್ಪ, 40 ಸೆಂ.ಮೀ. ಉದ್ದ. ಇದಕ್ಕೆ ತಂತಿ ಸುತ್ತಬಹುದೇ? ಮೇಲ್ಭಾಗವನ್ನು ಎಂದು ಕತ್ತರಿಸಲಿ? ಇಷ್ಟು ದಿನ ನೋಡಿಕೊಂಡ ಮೇಲೆ ಆ ಕೊಡೆಯನ್ನು ಕಸಕ್ಕೆ ಹಾಕಲು ಮನಸ್ಸು ಬರುತ್ತಿಲ್ಲ.

ಬಿಳಲು · ಐದನೆಯ ತಿಂಗಳು

ಕಸಕ್ಕೆ ಏಕೆ ಹಾಕಬೇಕು? ಗೂಟಿ ಕಟ್ಟಿ, ಅಂದರೆ ಕೊಡೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ. ಕವಲು ಒಡೆಯುವ ಜಾಗದಿಂದ 4 ಸೆಂ.ಮೀ. ಕೆಳಗೆ, ಕಾಂಡದ ಸುತ್ತ ಉಂಗುರದಂತೆ ತೊಗಟೆಯನ್ನು ತೆಗೆಯಿರಿ. ಉಂಗುರದ ಅಗಲ ಕಾಂಡದ ದಪ್ಪದ ಒಂದೂವರೆ ಪಟ್ಟು ಇರಲಿ. ಬರೀ ತೊಗಟೆ ಎತ್ತಿದರೆ ಸಾಲದು, ಒಳಗಿನ ಜಾರುವ ಹಸಿರು ಪದರವನ್ನೂ ಗಟ್ಟಿ ಮರ ಕಾಣುವವರೆಗೆ ಕೆರೆಯಬೇಕು. ಇಲ್ಲದಿದ್ದರೆ ಫೈಕಸ್ ಆ ಸೇತುವೆಯನ್ನು ಮತ್ತೆ ಕಟ್ಟಿಕೊಂಡುಬಿಡುತ್ತದೆ. ನೆನೆಸಿ ಹಿಂಡಿದ ಸ್ಫ್ಯಾಗ್ನಮ್ ಪಾಚಿಯನ್ನು ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿ ಬಿಗಿಯಿರಿ. ನೀರು ಮರದೊಳಗಿನಿಂದ ಮೇಲಕ್ಕೆ ಏರುತ್ತಲೇ ಇರುತ್ತದೆ, ಎಲೆಯಲ್ಲಿ ತಯಾರಾದ ಸಕ್ಕರೆ ಮಾತ್ರ ಕೆಳಗಿಳಿಯಲಾಗದೆ ಉಂಗುರದ ಮೇಲಂಚಿನಲ್ಲಿ ನಿಲ್ಲುತ್ತದೆ. ಅಲ್ಲಿಂದಲೇ ಬೇರು ಹೊರಡುತ್ತದೆ. ನಿಮಗೆ ಎರಡು ಮರ ಸಿಗುತ್ತವೆ.

ಎಲೆಗಣ್ಣು ಅವರ ಭಯಕ್ಕೂ ಇದರಲ್ಲಿ ಪರಿಹಾರವಿದೆ. ಆಕ್ಸಿನ್ ಕೂಡ ಉಂಗುರದಲ್ಲೇ ತಡೆಯುವುದರಿಂದ ಅದರ ಕೆಳಗಿನ ಕಾಂಡದಲ್ಲಿ ಹೊಸ ಕಣ್ಣುಗಳು ಒಡೆಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಮಣ್ಣುಗಾರ · ಐದನೆಯ ತಿಂಗಳು

ಒಂದು ಎಚ್ಚರಿಕೆ. ಉಂಗುರ ತೆಗೆದ ದಿನದಿಂದ ಕೆಳಗಿನ ಬೇರುಗಳಿಗೆ ಮೇಲಿನ ಕೊಡೆಯಿಂದ ಒಂದು ತುತ್ತೂ ಬರುವುದಿಲ್ಲ. ಅವುಗಳಿಗೆ ಊಟ ಹಾಕುವುದು ಆ ಒಂದು ಕೆಳಗಿನ ಕೊಂಬೆ. ಮೊದಲ ದಿನವೇ ಗೂಟಿ ಕಟ್ಟಿದ್ದರೆ ಐದು ಎಲೆಗಳು ಅಷ್ಟು ಬೇರನ್ನು ಸಾಕಲಾರದೆ ಸೋಲುತ್ತಿದ್ದವು. ಈಗ ಕೊಂಬೆಗೆ ಶಕ್ತಿಯಿದೆ, ಆದರೆ ಗೂಟಿ ಬೇರ್ಪಡುವವರೆಗೆ ಅದರಿಂದ ಒಂದು ಎಲೆಯನ್ನೂ ತೆಗೆಯಬೇಡಿ.

ಕತ್ತರಿಗಾರ · ಐದನೆಯ ತಿಂಗಳು

ತಂತಿಯ ವಿಚಾರ. ಕೊಂಬೆಯ ದಪ್ಪದ ಮೂರನೇ ಒಂದರಷ್ಟು ದಪ್ಪದ ತಂತಿ ಸಾಕು, ನಿಮ್ಮದಕ್ಕೆ ಎರಡೂವರೆ ಅಥವಾ 3 ಮಿ.ಮೀ. ಒಂದು ತುದಿಯನ್ನು ಕಾಂಡಕ್ಕೆ ಭದ್ರಪಡಿಸಿ, ಸುಮಾರು 45 ಡಿಗ್ರಿ ಓರೆಯಾಗಿ, ತೊಗಟೆಗೆ ತಾಗುವಂತೆ ಆದರೆ ಹಿಸುಕದಂತೆ ಸುತ್ತಿ. ಎಲೆಗಳನ್ನು ತಂತಿಯ ಅಡಿಗೆ ಸಿಕ್ಕಿಸಬೇಡಿ. ಬಗ್ಗಿಸುವಾಗ ಎರಡೂ ಹೆಬ್ಬೆರಳುಗಳನ್ನು ಬಾಗುವ ಜಾಗದ ಒಳಭಾಗಕ್ಕೆ ಆನಿಸಿ ನಿಧಾನವಾಗಿ ಒತ್ತಿ. ಮೊದಲು ಹೊರಕ್ಕೆ, ಆಮೇಲೆ ಮೇಲಕ್ಕೆ, ತುಸು ನಿಮ್ಮ ಕಡೆಗೆ. ಒಂದೇ ಸಮತಲದಲ್ಲಿ ಹಾವಿನಂತೆ ಅಂಕುಡೊಂಕು ಮಾಡಬೇಡಿ. ನಾಲ್ಕನೆಯ ವಾರದಿಂದ ಎರಡು ದಿನಕ್ಕೊಮ್ಮೆ ನೋಡಿ. ಫೈಕಸ್ ಬೇಗ ದಪ್ಪವಾಗುತ್ತದೆ, ತಂತಿ ಒಳಗೆ ಇಳಿದ ಗುರುತು ವರ್ಷಗಳವರೆಗೆ ಉಳಿಯುತ್ತದೆ. ತೆಗೆಯುವಾಗ ಬಿಚ್ಚಬೇಡಿ, ತುಂಡುತುಂಡಾಗಿ ಕತ್ತರಿಸಿ.

ಹೊಸಚಿಗುರು · ಎಂಟನೆಯ ತಿಂಗಳು

ಇಷ್ಟು ದಿನ ಬರೆಯದಿದ್ದುದಕ್ಕೆ ಕಾರಣ, ಹೇಳಲು ಒಳ್ಳೆಯ ಸುದ್ದಿ ಇರಲಿ ಎಂದು ಕಾಯುತ್ತಿದ್ದೆ. ಗೂಟಿ ಕಟ್ಟಿದ ಏಳನೆಯ ವಾರಕ್ಕೆ ಪ್ಲಾಸ್ಟಿಕ್‌ನ ಒಳಗೆ ಬಿಳಿ ಬೇರುಗಳು ಕಂಡವು. ಅವು ಕಂದಾಗುವವರೆಗೆ ಇನ್ನೂ ಎರಡು ವಾರ ಬಿಟ್ಟು, ಕೆಳಗೆ ಗರಗಸದಿಂದ ಕೊಯ್ದೆ. ಮೇಲಿನ ಮರ ಈಗ ತನ್ನದೇ ಕುಂಡದಲ್ಲಿ ನಿಂತಿದೆ.

ಕೆಳಗಿನ ಮರದ ಮೋಟು ಭಾಗದಲ್ಲಿ ಮೂರು ಕಣ್ಣು ಒಡೆದಿದ್ದವು, ಬಿಳಲು ಅವರು ಹೇಳಿದಂತೆಯೇ. ಅವುಗಳಲ್ಲಿ ಒಂದು ಕೊಂಬೆಗೆ ಎದುರು ಪಕ್ಕದಲ್ಲಿ, ಅದಕ್ಕಿಂತ 2 ಸೆಂ.ಮೀ. ಕೆಳಗೆ. ತಂತಿಯನ್ನು ಐದನೆಯ ವಾರದಲ್ಲಿ ತೆಗೆದೆ, ಒಂದು ಕಡೆ ನಸುಗೆರೆ ಬಿದ್ದಿದೆ. ಇನ್ನೂ ಎರಡು ದಿನ ತಡವಾಗಿದ್ದರೆ ಆಳವಾಗುತ್ತಿತ್ತು. ಕೊಂಬೆ ಬಾಗಿದಲ್ಲೇ ನಿಂತಿದೆ.

ಈಗ ಕೊಂಬೆಯ ಮೇಲಿರುವ ಮೋಟನ್ನು ಕತ್ತರಿಸುವ ಹೊತ್ತು. ಕೈ ನಡುಗುತ್ತಿದೆ, ಒಮ್ಮೆ ಹೇಳಿಬಿಡಿ.

ಕತ್ತರಿಗಾರ · ಎಂಟನೆಯ ತಿಂಗಳು

ಕೊಂಬೆಯ ಕಂಕುಳಿನ ಮೇಲಿನಿಂದ ಹಿಂಬದಿಗೆ ಇಳಿಜಾರಾಗಿ ಕತ್ತರಿಸಿ, ಗಾಯ ಹಿಂದೆ ಹೋಗಲಿ. ಒಮ್ಮೆಗೇ ಕೊಂಬೆಗೆ ಅಂಟಿಕೊಂಡಂತೆ ಬೇಡ, ಬೆಂಜಮಿನಾ ತುಸು ಹಿಂದಕ್ಕೆ ಒಣಗುತ್ತದೆ. ಒಂದೂವರೆ ಸೆಂ.ಮೀ. ಬಿಟ್ಟು ಕತ್ತರಿಸಿ, ಒಣಗಬೇಕಾದಷ್ಟು ಒಣಗಿದ ಮೇಲೆ ಎರಡನೆಯ ಸಲ ನಯವಾಗಿ ತಿದ್ದಿ. ಹಾಲು ಹರಿಯುವುದು ನಿಂತ ಬಳಿಕ ಗಾಯಕ್ಕೆ ಮುಲಾಮು ಹಚ್ಚಿ. ಕೈಗವಸು ಹಾಕಿಕೊಳ್ಳಿ, ಆ ಹಾಲು ಕೆಲವರ ಚರ್ಮಕ್ಕೆ ಆಗುವುದಿಲ್ಲ. ಬೆಕ್ಕು ನಾಯಿಗಳಿದ್ದರೆ ಕತ್ತರಿಸಿದ ಎಲೆಗಳನ್ನು ಅವುಗಳ ಬಾಯಿಗೆ ಸಿಗದಂತೆ ತೆಗೆದುಹಾಕಿ.

ಎಲೆಗಣ್ಣು · ಎಂಟನೆಯ ತಿಂಗಳು

ಕೊಂಬೆಯ ಕೆಳಗೆ, ಎದುರು ಪಕ್ಕದಲ್ಲಿ ಒಡೆದ ಕಣ್ಣು ನಿಮ್ಮ ಮೊದಲ ಕೊಂಬೆ. ಕಾಂಡ ಬಲಕ್ಕೆ ತಿರುಗಿದರೆ ಎಡಕ್ಕೆ ಚಾಚುವ ಕೊಂಬೆ ಬೇಕಿತ್ತು, ಗಿಡವೇ ಅದನ್ನು ಕೊಟ್ಟಿದೆ. ಅದರ ತುದಿಯನ್ನೂ ಈ ವರ್ಷ ಚಿವುಟಬೇಡಿ. ಎಲೆ ಚಿಕ್ಕದಾಗಲೆಂದು ಎಲ್ಲ ಎಲೆಗಳನ್ನೂ ಒಮ್ಮೆಗೇ ಕೀಳುವ ಪ್ರಯೋಗವನ್ನು ಬೆಂಜಮಿನಾದಲ್ಲಿ ಮಾಡಲೇಬೇಡಿ. ರೆಂಬೆಗಳು ಒತ್ತಾದಂತೆ ಎಲೆ ತಾನಾಗಿಯೇ ಚಿಕ್ಕದಾಗುತ್ತದೆ.

ಹೊಸಚಿಗುರು · ಹತ್ತನೆಯ ತಿಂಗಳು

ಕತ್ತರಿಸಿದೆ. ಒಂದು ಸೆಂ.ಮೀ. ಒಣಗಿತು, ಅಲ್ಲಿಗೇ ನಿಂತಿತು. ನಿನ್ನೆ ಎರಡನೆಯ ಸಲ ತಿದ್ದಿದೆ, ಗಾಯದ ಅಂಚಿನಲ್ಲಿ ಹೊಸ ತೊಗಟೆ ತುಟಿಯಂತೆ ಉಬ್ಬಿದೆ. ಪಕ್ಕದಿಂದ ನೋಡಿದರೆ ಬುಡದಿಂದ ಹೊರಟ ಗೆರೆ ಬಲಕ್ಕೆ ತಿರುಗಿ ಮೇಲೇಳುತ್ತದೆ. ಕೋಲು ಎಲ್ಲೂ ಕಾಣುವುದಿಲ್ಲ.

ಬಿಳಲು ಅವರಿಗೆ ಒಂದು ಪ್ರಶ್ನೆ ಉಳಿದಿದೆ. ಬಿಳಲು ಬರುವುದು ಯಾವಾಗ?

ಬಿಳಲು · ಹತ್ತನೆಯ ತಿಂಗಳು

ಗಾಳಿಯಲ್ಲಿ ತೇವ ತುಂಬಿರುವ ದಿನಗಳು ಸತತವಾಗಿ ಸಿಗಬೇಕು. ಕೊಂಬೆ ದಪ್ಪವಾದ ಮೇಲೆ ಅದರ ಅಡಿಭಾಗದಲ್ಲಿ ನಸುಗೆಂಪು ತುದಿಯ ನವಿರು ಎಳೆಗಳು ಇಣುಕುತ್ತವೆ. ಒಣಗಾಳಿ ತಗುಲಿದರೆ ಎರಡು ದಿನದಲ್ಲಿ ಕರಕಲಾಗುತ್ತವೆ. ಅಂಥ ಎಳೆ ಕಂಡ ಕೂಡಲೇ ಉದ್ದಕ್ಕೆ ಸೀಳಿದ ಪಾನೀಯದ ಕೊಳವೆಯೊಂದನ್ನು ಅದರ ಸುತ್ತ ಮುಚ್ಚಿ, ಒಳಗೆ ಒದ್ದೆ ಪಾಚಿ ತುಂಬಿ, ಕೆಳತುದಿಯನ್ನು ಮಣ್ಣಿಗೆ ಊರಿ. ಬಿಳಲು ಮಣ್ಣು ಮುಟ್ಟಿದ ಮೇಲೆ ತಾನೇ ಬಿಗಿಯಾಗಿ ದಪ್ಪವಾಗುತ್ತದೆ. ಬೆಂಜಮಿನಾ ಮೈಕ್ರೋಕಾರ್ಪಾದಷ್ಟು ಧಾರಾಳಿಯಲ್ಲ, ಎರಡು ಮೂರು ಬೆಳವಣಿಗೆಯ ಕಾಲ ಹಿಡಿಯಬಹುದು. ಎಡಗಡೆಯ ಕೊಂಬೆಯಲ್ಲಿ ಬಂದರೆ ಉಳಿಸಿಕೊಳ್ಳಿ, ಕಾಂಡದ ಎದುರಿಗೇ ಇಳಿದರೆ ಎಳೆಯದಿರುವಾಗಲೇ ತೆಗೆಯಿರಿ.

ತಂಪುನೆರಳು · ಹತ್ತನೆಯ ತಿಂಗಳು

ಮಾತು ಕೊಟ್ಟಂತೆ ಕೊನೆಯವರೆಗೂ ಓದಿದೆ. ಹೊಸಚಿಗುರು ಅವರೇ, ಗೂಟಿಯಿಂದ ಬಂದ ಆ ಮೇಲಿನ ಮರವನ್ನು ಏನು ಮಾಡುತ್ತೀರಿ?

ಹೊಸಚಿಗುರು · ಹತ್ತನೆಯ ತಿಂಗಳು

ಅದಕ್ಕೆ ಯಾವ ತಂತಿಯೂ ಬೇಡವೆಂದು ನಿರ್ಧರಿಸಿದ್ದೇನೆ. ದೊಡ್ಡ ಕುಂಡದಲ್ಲಿ, ಜೋತುಬಿದ್ದ ರೆಂಬೆಗಳೊಂದಿಗೆ, ತನ್ನಷ್ಟಕ್ಕೆ ಬೆಳೆಯಲಿ. ನಿಮಗೆ ಬೇಕಿದ್ದರೆ ಅದರಿಂದ ಮುಂದಿನ ವರ್ಷ ಒಂದು ಗೂಟಿ ಕಟ್ಟಿಕೊಡುತ್ತೇನೆ.